ಕೌದಿಯ ಒಳಪದರ

ಗೋಕಾಕವೆಂದೊಡನೆ ಇಂದಿನವರಿಗೆ ನೆನಪಾಗುವುದು ಜಲಪಾತ ಮತ್ತು ಕರದಂಟು. ಆದರೆ 1908ರ ಸುಮಾರಿನಲ್ಲಿ ಪ್ರಕಟವಾದ ಇಂಪೀರಿಯಲ್ ಗೆಜೆಟಿಯರನ್ನು ತೆರೆದು ನೋಡಿದವರಿಗೆ ಆ ಊರಿನ ಬೇರೊಂದು ಮುಖವು ಕಾಣಬರುತ್ತದೆ. ಹಿಂದೆ ಅಲ್ಲಿ ನೆಯ್ಗೆಯೂ ಬಣ್ಣಗಾರಿಕೆಯೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದ್ದವೆಂದೂ ಗ್ರಂಥವನ್ನು ಬರೆಯುವ ಹೊತ್ತಿಗೆ ಅವು ಇಳಿಮುಖವಾಗಿದ್ದುವೆಂದೂ ಅದರಲ್ಲಿ ಹೇಳಿದೆ. ಅನಂತರ ಬರಹವು ಕಟ್ಟಿಗೆಯ ಆಟಿಕೆಗಳ ಕಡೆಗೆ ಹೊರಳುತ್ತದೆ. ಎಷ್ಟೋ ಮನೆತನಗಳ ಅನ್ನದ ದಾರಿಯೇ ಮುಚ್ಚಿಹೋದ ಸಂಗತಿಗೆ ಸರಕಾರದ ಗ್ರಂಥದಲ್ಲಿ ದೊರೆತ ಎಡೆಯು ಒಂದು ವಾಕ್ಯದಷ್ಟು ಮಾತ್ರ.

ಆ ನೇಕಾರರು ನೇಯ್ದ, ಆ ಬಣ್ಣಗಾರರು ಅದ್ದಿದ ಅರಿವೆಯಾದರೂ ಎಲ್ಲಿಗೆ ಹೋಯಿತು? ಅರಸರ ಪೀತಾಂಬರಗಳು ಪೆಟ್ಟಿಗೆಯಲ್ಲಿ ಉಳಿಯುತ್ತವೆ. ಒಕ್ಕಲಿಗನ ಧೋತರವೂ ಅವನ ಹೆಂಡತಿಯ ಸೀರೆಯೂ ಮೈಮೇಲೆಯೇ ಸವೆಯುತ್ತವೆ. ಆದರೆ ಅವು ಸವೆದೊಡನೆ ಮನೆಯನ್ನು ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ಒಂದಕ್ಕೊಂದು ಮಗ್ಗುಲಾಗಿರುವ ಘಟಪ್ರಭೆಯ ಸೀಮೆಯಲ್ಲಿ, ಘೋಡಗೇರಿಯಂಥ ಹಳ್ಳಿಗಳಲ್ಲಿ, ಹಳೆಯ ಅರಿವೆಗೆ ಎರಡನೆಯ ಜನ್ಮವೊಂದು ಕಾದಿರುತ್ತಿತ್ತು. ಅದೇ ಕೌದಿ.

ಕೌದಿ, ಕವುದಿ, ಕವದಿ ಎಂದು ಮೂರು ಬಗೆಯಾಗಿ ಈ ಹೆಸರು ಕೇಳಬರುತ್ತದೆ. ಮರಾಠಿಯವರು ಇದನ್ನು ಗೋಧಡಿಯೆನ್ನುತ್ತಾರೆ. ಬಂಗಾಳದ ಕಂಥಾ ಇದರ ಬಳಗವೇ. ಸಂನ್ಯಾಸಿಗಳು ಹೊದೆಯುತ್ತಿದ್ದ ಚಿಂದಿಯ ಕಂಥೆಯನ್ನು ನಮ್ಮ ಹಳೆಯ ಸಾಹಿತ್ಯವು ಬಲ್ಲುದು. ಸಂಸಾರಿಗಳ ಕೌದಿಯ ವಿಷಯದಲ್ಲಿ ಮಾತ್ರ ಅದು ಅಷ್ಟು ಉದಾರವಾಗಿಲ್ಲ. ವೈರಾಗ್ಯದ ಚಿಂದಿಗೆ ಇರುವ ಗೌರವವು ಬಡತನದ ಚಿಂದಿಗೆ ಬಾರದು.

ಕೌದಿಯನ್ನು ಮಾಡುವ ಕ್ರಮವು ಕಾಣುವುದಕ್ಕೆ ಸುಲಭವಾದುದು. ಒಗೆದು ಮೆತ್ತಗಾದ ಹಳೆಯ ಸೀರೆಯನ್ನೋ ಧೋತರವನ್ನೋ ನೆಲದ ಮೇಲೆ ಹಾಸುವರು. ಅದರ ಮೇಲೆ ಹರಿದ ಅರಿವೆಗಳನ್ನು ಎರಡು ಮೂರು ಪದರಾಗಿ ಹರಡುವರು. ಎಲ್ಲಕ್ಕೂ ಮೇಲೆ, ಕಣ್ಣಿಗೆ ಬೀಳುವ ಪದರಿನಲ್ಲಿ, ಕುಬಸದ ಖಣ, ಅಂಗಿಯ ಬೆನ್ನು, ಸೀರೆಯ ಸೆರಗು, ದಡಿ ಇವುಗಳ ತುಂಡುಗಳನ್ನು ಜೋಡಿಸುವರು. ಸೀರೆಯ ದಡಿಯು ಒಡಲಿಗಿಂತ ಗಟ್ಟಿ. ಒಡಲು ಹರಿದ ಮೇಲೂ ದಡಿಯು ಉಳಿಯುತ್ತದೆ. ಆದುದರಿಂದ ಅದನ್ನು ಉದ್ದಕ್ಕೆ ಬಿಡಿಸಿಕೊಂಡು ಪಟ್ಟಿಯಾಗಿ ಹಚ್ಚುವುದು ಸಹಜವಾಯಿತು. ಎರಡು ಪಟ್ಟಿಗಳ ನಡುವಿನ ಓಣಿಯಲ್ಲಿ ಕೈಗೆ ಸಿಕ್ಕ ತುಂಡುಗಳು ಒಂದರ ಕೆಳಗೊಂದು ಕೂಡುತ್ತವೆ. ಬಳಿಕ ದಪ್ಪ ದಾರದಿಂದ ಎಲ್ಲ ಪದರುಗಳನ್ನೂ ಹಿಡಿದು ಸಾಲುಸಾಲಾಗಿ ಹೊಲಿಯುವರು. ಸಾಲುಗಳು ಒತ್ತಾಗಿದ್ದಷ್ಟು ಕೌದಿಯ ಬಾಳಿಕೆ ಹೆಚ್ಚು. ಹೊಲದ ಕೆಲಸವು ತೀರಿದ ಬೇಸಗೆಯಲ್ಲಿ ನಾಲ್ಕು ಜನ ಹೆಂಗಸರು ನಾಲ್ಕು ಅಂಚಿಗೆ ಕುಳಿತರೆ ಕೆಲಸವೂ ಮಾತೂ ಒಟ್ಟಿಗೆ ಸಾಗುವವು. ಕೂಲಿಗೆ ಹೊಲಿದುಕೊಡುವ ಹೆಂಗಸರೂ ಇದ್ದರು. ಕೊನೆಯ ಮೂಲೆಯನ್ನು ಮುಚ್ಚುವಾಗ ಕೆಲವು ಮನೆಗಳಲ್ಲಿ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರನ್ನು ಒಳಗಿಟ್ಟು ಹೊಲಿಯುವ ವಾಡಿಕೆಯುಂಟು. ಕೌದಿಯ ಹೊಟ್ಟೆಯು ಬರಿದಾಗಿರಬಾರದೆಂಬುದು ಅದರ ಭಾವ.

ಇತಿಹಾಸವನ್ನು ಹುಡುಕುವವನಿಗೆ ಮುಖ್ಯವಾದುದು ಇನ್ನೊಂದು ವಾಡಿಕೆ. ಕೌದಿಯ ಮೇಲುಪದರು ಜೀರ್ಣವಾದರೆ ಅದನ್ನು ಎಸೆಯುವುದಿಲ್ಲ. ಅದರ ಮೇಲೆಯೇ ಹೊಸ ತುಂಡುಗಳನ್ನು ಹಚ್ಚಿ ಮರಳಿ ಹೊಲಿಯುತ್ತಾರೆ. ಅತ್ತೆಯ ಕೌದಿಯು ಸೊಸೆಯ ಕೌದಿಗೆ ಒಳಪದರಾಗುತ್ತದೆ. ಹೀಗೆ ಹಾಳೂರಿನ ದಿಬ್ಬದಲ್ಲಿ ಮಣ್ಣಿನ ಪದರುಗಳಿರುವಂತೆ ಇಲ್ಲಿ ಅರಿವೆಯ ಪದರುಗಳಿರುತ್ತವೆ. ಇದರಲ್ಲಿ ಶಕವರ್ಷವಿಲ್ಲ, ಅಂಕಿತವಿಲ್ಲ. ಆದರೂ ನೂಲನ್ನೂ ಬಣ್ಣವನ್ನೂ ಬಲ್ಲವನಿಗೆ ಕಾಲದ ಗುರುತು ಅಲ್ಪಸ್ವಲ್ಪ ಸಿಕ್ಕದೆ ಇರದು.

ಕೆಂಪು ಬಣ್ಣವನ್ನೇ ತೆಗೆದುಕೊಳ್ಳಬಹುದು. ನಮ್ಮ ಸೀಮೆಯ ಹಳೆಯ ಕೆಂಪು ಸುರಂಜಿಯ ಬೇರಿನದು. ಕರಿಯ ಮಣ್ಣಿನ ನೆಲದಲ್ಲಿ ಬೆಳೆವ ಈ ಗಿಡದ ಬೇರನ್ನು ಕೆಲವು ವರ್ಷಗಳ ಬಳಿಕ ಅಗೆದು ತೆಗೆದು ಕುಟ್ಟಿ ಕುದಿಸುತ್ತಿದ್ದರು. ಅದಕ್ಕೆ ಮೊದಲು ನೂಲಿಗೆ ಎಣ್ಣೆಯನ್ನೂ ಕಾರವನ್ನೂ ಊಡಿಸಿ, ಮತ್ತೆ ಮತ್ತೆ ಒಣಗಿಸಿ, ಬಣ್ಣವು ಹಿಡಿಯುವಂತೆ ಹದಗೊಳಿಸಬೇಕು. ಇದು ದಿನಗಟ್ಟಲೆಯ ಕೆಲಸ. ದೊರೆಯುವ ಕೆಂಪಾದರೋ ತುಸು ಕಂದಿನ ಛಾಯೆಯದು, ಗಂಭೀರವಾದುದು, ಒಗೆತಕ್ಕೆ ಜಗ್ಗದಂಥದು. 19ನೆಯ ಶತಮಾನದ ನಡುವೆ ಈ ಬೇರು ಮುಂಬಯಿಯಿಂದ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣಕ್ಕೂ ಹೋಗಿತ್ತು. ಥಾಮಸ್ ಆಂಡರ್ಸನ್ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ಪರೀಕ್ಷಿಸಿ, ಅದರ ಬಣ್ಣದ ಸತ್ತ್ವಕ್ಕೆ ಮೊರಿಂಡಿನ್ ಎಂದು ಹೆಸರಿಟ್ಟನು. ಅಲ್ಲಿನ ಸಾಮಾನ್ಯ ಪದ್ಧತಿಯಂತೆ ಫಟಕಡಿಯನ್ನು ಊಡಿಸಿದ ಅರಿವೆಗೆ ಅದು ಹಿಡಿಯಲಿಲ್ಲ. ಎಣ್ಣೆಯನ್ನು ಊಡಿಸಿ ಸಿದ್ಧಪಡಿಸಿದ ಅರಿವೆಗೆ ಮಾತ್ರ ಹಿಡಿಯಿತು. ನಮ್ಮ ಬಣ್ಣಗಾರರು ಎಣ್ಣೆಯ ಗೊಡವೆಗೆ ಸುಮ್ಮನೆ ಹೋಗಿರಲಿಲ್ಲವೆಂಬುದು ಇದರಿಂದ ವಿಶದವಾಗುತ್ತದೆ.

ಅದೇ ಸ್ಕಾಟ್ಲೆಂಡಿನಿಂದ ಸುರಂಜಿಗೆ ಎದುರಾಳಿಯೂ ಬಂತು. ಗ್ಲಾಸ್ಗೋವಿನ ಬಳಿಯ ಲೆವೆನ್ ಕಣಿವೆಯಲ್ಲಿ ತುರ್ಕಿ ಕೆಂಪು ಎಂಬ ಹೆಸರಿನ ಗಾಢವಾದ ಬಣ್ಣವನ್ನು ಅರಿವೆಗೆ ಏರಿಸುವ ಕಾರಖಾನೆಗಳಿದ್ದುವು. ಮೊದಲು ಅದಕ್ಕೆ ಮಂಜಿಷ್ಠದ ಜಾತಿಯ ಬೇರು ಬೇಕಾಗುತ್ತಿತ್ತು. 1868ರಲ್ಲಿ ಗ್ರೇಬೆ ಮತ್ತು ಲೀಬರ್ಮನ್ ಎಂಬ ಇಬ್ಬರು ಜರ್ಮನ್ ಪಂಡಿತರು ಆ ಬೇರಿನ ಬಣ್ಣವಾದ ಅಲಿಜರಿನ್ನನ್ನು ಡಾಂಬರಿನ ಮೂಲವಸ್ತುವಿನಿಂದಲೇ ಮಾಡುವ ಉಪಾಯವನ್ನು ಕಂಡುಹಿಡಿದರು. ಬೇರಿಗಾಗಿ ನೆಲವನ್ನು ಅಗೆಯುವ ಕಾರಣವೇ ಇಲ್ಲವಾಯಿತು. ತುರ್ಕಿ ಕೆಂಪಿನ ನೆಲದ ಮೇಲೆ ನವಿಲು, ಮಾವಿನಕಾಯಿ, ಬುಟ್ಟಾಗಳನ್ನು ಅಚ್ಚೊತ್ತಿದ ಅರಿವೆಯು ಮುಂಬಯಿಯ ಬಂದರಕ್ಕೆ ಹಡಗುಗಳಲ್ಲಿ ಬಂದು ಇಳಿಯತೊಡಗಿತು. ಮುಂದೆ ಡಬ್ಬಿಗಳಲ್ಲಿ ಬಂದ ಅಲಿಜರಿನ್ ನಮ್ಮ ಬಣ್ಣಗಾರರ ಬಾನಿಗಳನ್ನೂ ಹೊಕ್ಕಿತು. 1884ರ ಸುಮಾರಿಗೆ ಹುಟ್ಟಿದ ಕಾಂಗೋ ಕೆಂಪಂತೂ ಎಣ್ಣೆ ಫಟಕಡಿಗಳೊಂದನ್ನೂ ಬೇಡದೆ ನೇರವಾಗಿ ನೂಲಿಗೆ ಹತ್ತುತ್ತಿತ್ತು. ಅಷ್ಟೇ ಸುಲಭವಾಗಿ ಬಿಡುತ್ತಲೂ ಇತ್ತು, ಹುಳಿ ತಗಲಿದರೆ ನೀಲಿಯ ಕಡೆಗೆ ತಿರುಗುತ್ತಲೂ ಇತ್ತು. ಒಂದೇ ಕೌದಿಯಲ್ಲಿ ಈ ಮೂರು ಕೆಂಪುಗಳು ಮೂರು ಪದರುಗಳಲ್ಲಿ ಇದ್ದರೆ ಅದು ಗೆಜೆಟಿಯರಿನ ಆ ಒಂದು ವಾಕ್ಯಕ್ಕೆ ಬರೆದ ಭಾಷ್ಯವಲ್ಲದೆ ಮತ್ತೇನು?

ನಮ್ಮವರ ರುಚಿಯು ಅಷ್ಟು ದೂರದ ಕಾರಖಾನೆಯವರಿಗೆ ತಿಳಿದುದು ಹೇಗೆಂದು ವಾಚಕರು ಕೇಳಬಹುದು. 1866ರಲ್ಲಿ ಫಾರ್ಬ್ಸ್ ವಾಟ್ಸನ್ ಎಂಬ ಅಧಿಕಾರಿಯು ಹಿಂದುಸ್ಥಾನದ ಅರಿವೆಗಳ 700 ಮಾದರಿಗಳನ್ನು ಕತ್ತರಿಸಿ ಅಂಟಿಸಿ 18 ಸಂಪುಟಗಳನ್ನು ಮಾಡಿಸಿದನು. ಅಂಥ 20 ಪ್ರತಿಗಳು ಸಿದ್ಧವಾದುವು; ಅವುಗಳಲ್ಲಿ 13 ಬ್ರಿಟನ್ನಿನಲ್ಲಿ ಉಳಿದುವು, 7 ಇಲ್ಲಿಗೆ ಬಂದುವು. ಇಲ್ಲಿನ ಜನ ಏನನ್ನು ಉಡುತ್ತಾರೆಂಬುದನ್ನು ಅಲ್ಲಿನ ಗಿರಣಿಯವರು ಮುಟ್ಟಿ ನೋಡಿ ತಿಳಿಯಲೆಂಬುದು ಉದ್ದೇಶ. ಇದೂ ಚಿಂದಿಗಳನ್ನು ಕೂಡಿಸಿದ ಕೆಲಸವೇ. ಸರಕಾರವು ಹೊಲಿಸಿದ ಈ ಕೌದಿಯು ಯಾರನ್ನು ಬೆಚ್ಚಗಿಟ್ಟಿತೆಂಬುದು ಬೇರೆ ಮಾತು.

ಇದಕ್ಕೂ ಹಿಂದೆ ಅರಿವೆಯ ಪ್ರವಾಹವು ಎದುರು ದಿಕ್ಕಿಗೆ ಹರಿಯುತ್ತಿತ್ತು. ಇಂಗ್ಲಿಷರ ಚಿಂಟ್ಸ್ ಎಂಬ ಶಬ್ದವು ನಮ್ಮ ಚೀಟಿ ಅರಿವೆಯ ಬಳಗದ ಹೆಸರೇ. ಹಿಂದುಸ್ಥಾನದ ಅಚ್ಚಿನ ಅರಿವೆಗೆ ಅಲ್ಲಿನ ಹೆಂಗಸರು ಎಷ್ಟು ಮರುಳಾದರೆಂದರೆ, ತಮ್ಮ ನೇಕಾರರನ್ನು ಉಳಿಸಿಕೊಳ್ಳಲು ಬ್ರಿಟಿಷ್ ಪಾರ್ಲಿಮೆಂಟು 1721ರಲ್ಲಿ ಅಚ್ಚಿನ ಹತ್ತಿ ಅರಿವೆಯ ಬಳಕೆಯನ್ನೇ ಕಾಯಿದೆಯಿಂದ ತಡೆಯಬೇಕಾಯಿತು; 1774ರವರೆಗೆ ಆ ತಡೆಯು ಇತ್ತು. ಗೋಕಾಕದ ಬಣ್ಣಗಾರನಿಗೆ ಅಂಥ ಕಾಯಿದೆಯನ್ನು ಮಾಡಿಕೊಡುವವರು ಯಾರೂ ಇರಲಿಲ್ಲ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ (1837–1901) ಇಂಗ್ಲೆಂಡ ಅಮೇರಿಕಗಳ ಹೆಂಗಸರೂ ನಮ್ಮವರಂತೆಯೇ ತುಂಡುಗಳನ್ನು ಕೂಡಿಸಿ ಹೊದಿಕೆಗಳನ್ನು ಹೊಲಿಯುತ್ತಿದ್ದರು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಉದ್ದುದ್ದವಾದ ಪಟ್ಟಿಗಳ ಹೊದಿಕೆಗಳು ಪ್ರಚಾರದಲ್ಲಿದ್ದುವು. ಬಿಳಿಯದೊಂದು ಪಟ್ಟಿ, ತುರ್ಕಿ ಕೆಂಪಿನದೊಂದು ಪಟ್ಟಿ. ಇಂದು ಆ ದೇಶಗಳಲ್ಲಿ ಇಂಥ ಹೊದಿಕೆಗಳನ್ನು ಮರಳಿ ಹೊಲಿಯುವ ಹವ್ಯಾಸವು ಬೆಳೆದಿದೆ. ಅದಕ್ಕೆಂದು ಹಳೆಯ ಅಚ್ಚುಗಳನ್ನು ಅನುಕರಿಸಿ ಹೊಸ ಅರಿವೆಯನ್ನು ಕಾರಖಾನೆಗಳಲ್ಲಿ ಮಾಡಿಸುತ್ತಾರೆ. ಥಾನಿನಿಂದ ಅದನ್ನು ಕತ್ತರಿಸಿ, ಕೈಗೆ ಸಿಕ್ಕ ಚಿಂದಿಗಳೋ ಎಂಬಂತೆ ತೋರುವ ಹಾಗೆ, ಪಟ್ಟಿಯಾಗಿ ಜೋಡಿಸುತ್ತಾರೆ. ಇದನ್ನು ಹಾಸ್ಯಮಾಡಬೇಕಾದುದಿಲ್ಲ. ಅಜ್ಜಿಯರ ಕೈಯ ಹೊದಿಕೆಗಳನ್ನು ಅವರು ಕಾದಿಟ್ಟು, ಇಂಥ ಅಚ್ಚು ಇಂಥ ದಶಕದ್ದೆಂದು ವಿಂಗಡಿಸಿದುದರಿಂದಲೇ ಅನುಕರಣವು ಸಾಧ್ಯವಾಯಿತು. ನಮ್ಮಲ್ಲಿಯೋ, ಅದೇ ಕಾಲದ ಅಚ್ಚಿನ ಅರಿವೆಯು ಕೌದಿಯಾಗಿ, ಕೂಸಿನ ಕೆಳಗೆ ಹಾಸಿ, ಕಣಕ್ಕೆ ಒಯ್ದು, ಬಂಡಿಯಲ್ಲಿ ಹಾಕಿ, ಕಡೆಗೆ ಒಲೆಯ ಬಳಿಯ ಮಸಿಯರಿವೆಯಾಗಿ ತೀರಿಹೋಯಿತು.

ಕೌದಿಯ ಪದರುಗಳಲ್ಲಿ ಇನ್ನೊಂದು ನಷ್ಟದ ಗುರುತೂ ಉಂಟು. ಮೊದಲು ಕೈನೂಲು ಹೆಂಗಸರ ಸಂಪಾದನೆಯಾಗಿತ್ತು. ವಿಲಾಯತಿಯ ಗಿರಣಿಯ ನೂಲು ಬಂದು ಅದನ್ನು ಕುಂಠಿತಗೊಳಿಸಿತು. 1887ರಲ್ಲಿ ಗೋಕಾಕದ ಜಲಪಾತದ ಬಳಿಯಲ್ಲಿಯೇ, ಘಟಪ್ರಭೆಯು ಸುಮಾರು 170 ಅಡಿ ಧುಮುಕುವ ಎಡೆಯಲ್ಲಿ, ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿಯು ಪ್ರಾರಂಭವಾಯಿತು. ಈ ಗಿರಣಿಯು ಸಾವಿರಾರು ಜನರಿಗೆ ಕೂಲಿಯನ್ನೂ ಕೈಮಗ್ಗಗಳಿಗೆ ನೂಲನ್ನೂ ಕೊಟ್ಟಿತೆಂಬುದನ್ನು ಮರೆಯುವಂತಿಲ್ಲ. ಆದರೆ ನೇಕಾರನು ಗಿರಣಿಯ ನೂಲನ್ನು ಕೊಂಡು ಇನ್ನಷ್ಟು ಕಾಲ ಬದುಕಿದನು. ಮನೆಯಲ್ಲಿ ನೂಲುವವಳಿಗೆ ಕೊಳ್ಳುವುದಕ್ಕೂ ಮಾರುವುದಕ್ಕೂ ಏನೂ ಉಳಿಯಲಿಲ್ಲ. ರಾಟಿಯು ಅಟ್ಟವನ್ನು ಸೇರಿತು. ಕೈಯಲ್ಲಿ ಸೂಜಿಯೊಂದು ಉಳಿಯಿತು. ನೂಲಿದ ಕೆಲಸಕ್ಕೆ ಸಂತೆಯಲ್ಲಿ ದುಡ್ಡು ಬರುತ್ತಿತ್ತು. ಮನೆಗಾಗಿ ಹೊಲಿದ ಕೌದಿಗೆ ಬಾರದು. ಅದನ್ನು ಕೆಲಸವೆಂದು ಎಣಿಸುವುದೂ ತಪ್ಪಿತು.

ರಾಟಿಯನ್ನು ಮರಳಿ ಕೆಳಗಿಳಿಸುವ ಪ್ರಯತ್ನವು ಈ ಜಿಲ್ಲೆಯಲ್ಲಿ ನಡೆದುದನ್ನು ಓದುಗರು ಬಲ್ಲರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸೇರಿದ ಕಾಂಗ್ರೆಸ್ಸಿಗೆ ಗಾಂಧೀಜಿಯವರು ಅಧ್ಯಕ್ಷರಾಗಿದ್ದರು. ಅವರು ಆ ಪದವಿಯಲ್ಲಿ ಕುಳಿತುದು ಅದೊಂದೇ ಸಲ. ಗಂಗಾಧರರಾವ ದೇಶಪಾಂಡೆಯವರ ಹುದಲಿಯು ಖಾದಿಯ ಕೇಂದ್ರವಾಯಿತು. ಅದಕ್ಕೆ ಮೂರು ವರ್ಷ ಮೊದಲು, 1921ರ ಜುಲೈ 31ರಂದು, ಮುಂಬಯಿಯಲ್ಲಿ ವಿದೇಶೀ ಅರಿವೆಯ ದೊಡ್ಡ ಹೋಳಿಯನ್ನು ಹೊತ್ತಿಸಲಾಗಿತ್ತು. ಬೆಂಕಿಗೆ ಬಿದ್ದುದು ಕೋಟು, ಟೊಪ್ಪಿಗೆ, ನಯವಾದ ಸೀರೆ. ಚಿಂದಿಯಾಗಿ ಪದರಿನೊಳಗೆ ಹೊಲಿದುಹೋದುದನ್ನು ಬಿಚ್ಚಿ ಸುಡುವಷ್ಟು ವ್ರತನಿಷ್ಠೆಯು ಹಾಸಿಗೆ ಎರಡೇ ಇದ್ದ ಮನೆಗೆ ಸಲ್ಲುವ ಮಾತಲ್ಲ. ಮ್ಯಾಂಚೆಸ್ಟರಿನ ಚೀಟಿಯೂ ಹುದಲಿಯ ಖಾದಿಯೂ ಜಗಳವಿಲ್ಲದೆ ಕೂಡಿರಬಹುದಾದ ಸ್ಥಳವು ಕೌದಿಯೊಂದೇ.

ಎರಡನೆಯ ಮಹಾಯುದ್ಧದಲ್ಲಿ ಅರಿವೆಯ ಬೆಲೆಯೇರಿ, 1943ರಲ್ಲಿ ಸರಕಾರವು ಹತ್ತಿಯ ಅರಿವೆಯನ್ನೂ ನೂಲನ್ನೂ ನಿಯಂತ್ರಣಕ್ಕೆ ಒಳಪಡಿಸಿತು. ಅಂಥ ಕಾಲದಲ್ಲಿ ಅರಿವೆಯು ಮೈಮೇಲಿನಿಂದ ಕೌದಿಗೆ ಇಳಿಯುವುದು ತಡವಾಗುತ್ತದೆ, ತುಂಡುಗಳು ಚಿಕ್ಕವಾಗುತ್ತವೆ.

ಆ ಮೇಲಿನ ಬದಲಾವಣೆಯು ನಮ್ಮ ಕಣ್ಣೆದುರಿನದು. ನೈಲಾನು, ಪಾಲಿಯೆಸ್ಟರು ಸೀರೆಗಳು ಹಳ್ಳಿಗೆ ಬಂದುವು. ಅವು ಹರಿಯುವುದಿಲ್ಲ, ಮೆತ್ತಗಾಗುವುದೂ ಇಲ್ಲ, ಬೆವರನ್ನು ಹೀರುವುದೂ ಇಲ್ಲ. ಹರಿಯದ ಅರಿವೆಯಿಂದ ಕೌದಿಯು ಹುಟ್ಟುವುದು ಕಷ್ಟ. ಅಂಗಡಿಯ ರಗ್ಗು ಅಗ್ಗವಾಗಿ ದೊರೆಯುವಾಗ ತಿಂಗಳುಗಟ್ಟಲೆ ಹೊಲಿಯುವವರು ಕಡಿಮೆಯಾದುದರಲ್ಲಿ ಆಶ್ಚರ್ಯವಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳು ಮಾತ್ರ 2004ರಲ್ಲಿ ಅವರದೇ ಒಂದು ಸಹಕಾರಿ ಸಂಘವು ಏರ್ಪಟ್ಟ ಬಳಿಕ ಪರದೇಶದ ಪ್ರದರ್ಶನಗಳನ್ನೂ ಕಂಡುವು; ಅಮೇರಿಕದ ವಿದ್ವಾಂಸ ಹೆನ್ರಿ ಡ್ರೂವಲರು ಅದಕ್ಕೆ ನೆರವಾದರು. ಬಯಲುಸೀಮೆಯ ಕೌದಿಗೆ ಅಷ್ಟು ಹೆಸರು ಬರಲಿಲ್ಲ. ಪಟ್ಟಣದವರಿಗಾಗಿ ಹೊಲಿಯುವ ಕಡೆಗಳಲ್ಲಿ ದರ್ಜಿಯ ಅಂಗಡಿಯ ಹೊಸ ತುಂಡುಗಳನ್ನು ಬಳಸುವುದುಂಟು. ಅವು ಅಚ್ಚುಕಟ್ಟಾಗಿರುತ್ತವೆ, ಒಳಪದರು ಮಾತ್ರ ಒಂದೇ ಬಣ್ಣದ ಬಿಳಿಯ ಅರಿವೆ.

ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೆ ಒಯ್ದು ಒಗೆಯುವ ಪದ್ಧತಿಯು ಈ ಸೀಮೆಯಲ್ಲಿ ಹಳೆಯದು. ನೀರು ಕುಡಿದ ಕೌದಿಯನ್ನು ಒಬ್ಬಳು ಎತ್ತಲಾರಳು. ಇಬ್ಬರು ಎರಡು ತುದಿಗಳನ್ನು ಹಿಡಿದು ಹಿಂಡಿ ಬಂಡೆಯ ಮೇಲೆ ಹರವಬೇಕು. ಹಾಗೆ ಹರವಿದಾಗ, ಮೇಲಿನ ಪಾಲಿಯೆಸ್ಟರಿನ ಹೂವು ಎಲ್ಲಿ ಬಿರಿದಿದೆಯೋ ಅಲ್ಲಿ ಬೆರಳಗಲದ ಕೆಂಪು ಚೂರೊಂದು ಒಳಗಿನಿಂದ ತೋರುವುದುಂಟು. ಬಿಸಿಲು ಏರುವುದರೊಳಗೆ ಅದಕ್ಕೊಂದು ತೇಪೆ ಬೀಳುತ್ತದೆ.