ರಥದ ಮೇಲೊಂದು ಗೋಪುರವಿತ್ತು

ಕ್ಯಾಮೆರಾ ಕೊಂಡ ಹೊಸತು. ರಜೆಗೆ ಹಂಪಸಾಗರಕ್ಕೆ ಹೋದವನು ಹಂಪಿಗೂ ಹೋಗಿ, ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಎರಡು ತಾಸು ಕೂತೆ. ಹಿನ್ನೆಲೆ ಮಸುಕಾಗಬೇಕು, ಜನ ಅಡ್ಡ ಬರಬಾರದು, ನನಗೆ ಗೊತ್ತಿದ್ದ ವಿದ್ಯೆ ಅಷ್ಟೇ. ಕೊನೆಗೆ ಚಕ್ರ ಒಂದನ್ನೇ ಹತ್ತಿರದಿಂದ ತೆಗೆದೆ. ಲೈಕು ಚೆನ್ನಾಗೇ ಬಂದವು.

ಆಮೇಲೆ ಇದೇ ರಥದ 1856ರ ಫೋಟೊ ನೋಡಿದೆ. ತೆಗೆದವನು ಕಂಪನಿ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಮೇಣ ಹಚ್ಚಿದ ಕಾಗದವೇ ಆಗಿನ ನೆಗೆಟಿವ್. ನಿಮಿಷಗಟ್ಟಲೆ ಬೆಳಕು ಬೀಳಬೇಕು. ಅಷ್ಟರಲ್ಲಿ ಓಡಾಡಿದವರು ಚಿತ್ರದಲ್ಲಿ ಉಳಿಯೋದೇ ಇಲ್ಲ. (ನಾನು ಎರಡು ತಾಸು ಕಾದಿದ್ದು ಇವನಿಗೆ ಪುಕ್ಕಟೆ!) ಕೋನದ ಚಮತ್ಕಾರ ಏನಿಲ್ಲ, ಬುಡದಿಂದ ತುದಿವರೆಗೂ ರಥ. ತುದಿಯಲ್ಲಿ ಇಟ್ಟಿಗೆಯ ಗೋಪುರ! ಮುಂದೆ ಅದನ್ನು ತೆಗೆದುಹಾಕಿದರು. ನಮ್ಮ ಐವತ್ತರ ನೋಟಿನ ರಥಕ್ಕೂ ಗೋಪುರವಿಲ್ಲ.

1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಫೋಟೊ ತೆಗೆದ. ಜೋಡಿ ಚಿತ್ರ ಪಕ್ಕಪಕ್ಕ ಇಟ್ಟರೆ ಏನು ಹೋಯ್ತು, ಏನು ಉಳಿಯಿತು ಅಂತ ಲೆಕ್ಕ ಹಾಕಬಹುದು.

ನನ್ನ ಚಕ್ರದ ಪಕ್ಕ ಯಾರು ಏನು ಇಟ್ಟು ನೋಡ್ತಾರೆ? ಅದು ಯಾವ ರಥದ್ದು ಅಂತ ಅವ್ವನೇ ಕೇಳಿದಳು.