ಕಡತ ಮರೆತ ಸಾಲ

ಕಾಗದ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಕನ್ನಡ ನಾಡಿನ ವರ್ತಕರು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಹುಣಿಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಾದ ಇಂಥದರ ಮೇಲೆ ವ್ಯಾಪಾರ ನಿಂತಿತ್ತೆಂದರೆ, ಬರಹದಷ್ಟೇ ಕೊಂಡವನ ನೆನಪಿಗೂ ಬೆಲೆಯಿತ್ತೆಂದೇ ನನ್ನ ತರ್ಕ. ಬರೆಯಲು ಮರೆತ ಮಾತ್ರಕ್ಕೆ ಸಾಲ ತೀರುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಮೂ ಇದಕ್ಕೆ ಒತ್ತಾಸೆಯಾಗಿದೆ: ತಪ್ಪಿನಿಂದ ಕೈಸೇರಿದ ಹಣವನ್ನಾಗಲಿ ವಸ್ತುವನ್ನಾಗಲಿ ಪಡೆದವನು ಹಿಂದಿರುಗಿಸಬೇಕು.

ಇಂದು ಅಂಗಡಿಯ ಬಿಲ್ಲಿನಲ್ಲಿ ಸಾಮಾನೊಂದು ಬಿಟ್ಟುಹೋದರೆ, ತಪ್ಪು ಅಂಗಡಿಯವನದು, ನಾನೇನು ಕದ್ದೆನೇ ಎನ್ನಬಹುದು. ಕದ್ದಿಲ್ಲ, ನಿಜ. ಆದರೆ 1860ರ ದಂಡ ಸಂಹಿತೆಯ 403ನೇ ಕಲಮು ಆ ನೆವವನ್ನೂ ಮೊದಲೇ ಊಹಿಸಿತ್ತು. ತನ್ನದೆಂದು ನಂಬಿ ಪರರ ವಸ್ತು ಒಯ್ದವನು ಕಳ್ಳನಲ್ಲ. ತಪ್ಪು ತಿಳಿದ ಮೇಲೂ ಅಪ್ರಾಮಾಣಿಕವಾಗಿ ಇಟ್ಟುಕೊಂಡರೆ ಅಪರಾಧಿ. ದೊಡ್ಡ ಮಾಲ್‌ಗೆ ನೂರು ರೂಪಾಯಿ ಯಾವ ಲೆಕ್ಕ ಎಂಬ ವಾದಕ್ಕೆ (ಬೀದಿ ಕೊನೆಯ ಕಿರಾಣಿ ಅಂಗಡಿಯಲ್ಲಿ ಇದನ್ನು ಹೂಡಲು ನಮಗೇ ಸಂಕೋಚ) ತುಸು ಬಲವಿದೆ. ಆದರೂ ಕೊರತೆ ಬಿದ್ದ ಹಣ ಮಾಲೀಕನ ಲಾಭದಿಂದ ಹೋಗುತ್ತದೋ ಗಲ್ಲಾದಲ್ಲಿ ಕೂತವರ ಸಂಬಳದಿಂದಲೋ, ಕೊಂಡವನಿಗೆ ತಿಳಿಯುವುದಿಲ್ಲ. ಬಿಲ್ಲಿನಲ್ಲಿ ಬಿಟ್ಟುಹೋದ ಸಾಮಾನಿಗೆ ದುಡ್ಡು ಕೊಟ್ಟೇ ಬರಬೇಕು.