ಭಂಗಿಯ ಗಿಡವೂ ರಾಜ್ಯದ ಕಾನೂನೂ

ತುಮಕೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲುಗಾಡಿಯು ಗುಬ್ಬಿಯನ್ನು ದಾಟಿದ ಮೇಲೆ ನಿಟ್ಟೂರೆಂಬ ನಿಲ್ದಾಣವು ಬರುತ್ತದೆ. ಹೊಯ್ಸಳರ ಕಾಲದ ಶಾಂತಿನಾಥ ಬಸದಿಯಿಂದ ಹೆಸರಾದ ಊರು; ಸುತ್ತಲೂ ತೆಂಗು ಅಡಕೆಗಳ ತೋಟಗಳು. ಅಂತಹ ತೋಟವೊಂದರ ಬೇಲಿಯ ಮೂಲೆಯಲ್ಲಿ ಒಬ್ಬನು ಒಂದು ಭಂಗಿಯ ಗಿಡವನ್ನು ನೆಟ್ಟು ಬೆಳೆಸಿದನೆಂದು ಭಾವಿಸೋಣ. ರಾಜ್ಯವು ಅವನನ್ನು ಏನು ಮಾಡಬೇಕು? ಸೆರೆಗೆ ಕಳುಹಿಸಬೇಕೆ, ಸುಂಕವನ್ನು ಹೇರಬೇಕೆ, ಅಥವಾ ಕಂಡೂ ಕಾಣದಂತೆ ಇರಬೇಕೆ? ಪ್ರಶ್ನೆಯು ಹೊಸದೆಂದು ತೋರಬಹುದು. ಆದರೆ ನಮ್ಮ ದೇಶವು ಇದನ್ನು ನೂರ ಮೂವತ್ತು ವರ್ಷಗಳಿಗೂ ಹಿಂದೆಯೇ ಕೂಲಂಕಷವಾಗಿ ವಿಚಾರಿಸಿತ್ತು.

ಮೊದಲು ಹೆಸರಿನ ಗೊಂದಲವನ್ನು ಕಳೆಯಬೇಕು. ನಮ್ಮ ರೈತರು ಹಗ್ಗಕ್ಕೂ ಹಸುರು ಗೊಬ್ಬರಕ್ಕೂ ಬಿತ್ತುವ ಸೆಣಬು ಬೇರೆಯೇ ಗಿಡ, ಅದರಲ್ಲಿ ಮಾದಕತೆಯಿಲ್ಲ. ಪುಂಡಿಯ ಎಲೆಯು ಭಂಗಿಯ ಎಲೆಯನ್ನು ಹೋಲುವುದರಿಂದ ಸಸ್ಯಶಾಸ್ತ್ರಜ್ಞರು ಅದರ ಹೆಸರಿನಲ್ಲಿ ಆ ಹೋಲಿಕೆಯನ್ನು ಸೇರಿಸಿದರು. ಆದರೆ ಅದೂ ನಿರಪರಾಧಿಯೇ. ನಿಜವಾದ ಭಂಗಿಯ ಗಿಡದಲ್ಲಿಯೂ ಭೇದಗಳಿವೆ. ಎಲೆಯನ್ನು ಅರೆದು ಮಾಡುವುದು ಭಾಂಗ್. ಹೆಣ್ಣುಗಿಡದ ಹೂದೆನೆಯನ್ನು ಒಣಗಿಸಿದುದು ಗಾಂಜಾ. ಗಿಡದ ಅಂಟು ಚರಸ್ಸು. ಇವುಗಳ ಶಕ್ತಿಯು ಒಂದಕ್ಕಿಂತ ಒಂದು ಹೆಚ್ಚು. ನಾರಿಗೂ ಬೀಜದ ಎಣ್ಣೆಗೂ ಇದೇ ಗಿಡವು ಒದಗುತ್ತದೆ. ಈ ಭೇದಗಳನ್ನರಿಯದ ಕಾನೂನು ಕುರುಡಾಗುವುದು ಸಹಜ.

ಗಾಂಜಾದಿಂದ ಜನರು ಹುಚ್ಚರಾಗುತ್ತಿರುವರೆಂದೂ ಸರಕಾರವು ಅದರ ಸುಂಕವನ್ನು ಉಣ್ಣುತ್ತಿರುವುದೆಂದೂ ಮದ್ಯಪಾನವಿರೋಧಿಗಳು ದೂರುತ್ತಿದ್ದ ಕಾಲದಲ್ಲಿ, 1893ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯನಾದ ಕೇನ್ ಎಂಬಾತನು ಈ ವಿಷಯವನ್ನು ಎತ್ತಿದನು. ಅದರ ಫಲವಾಗಿ ಮ್ಯಾಕ್‌ವರ್ತ್ ಯಂಗ್ ಎಂಬ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಮಂಡಲಿಯು ಏರ್ಪಟ್ಟಿತು. ಅದರ ಏಳು ಮಂದಿ ಸದಸ್ಯರಲ್ಲಿ ಮೂವರು ಭಾರತೀಯರು. ಮಂಡಲಿಯು 1,193 ಸಾಕ್ಷಿಗಳನ್ನು ವಿಚಾರಿಸಿ, 1894ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು.

ಈ ವರದಿಯಲ್ಲಿ ಹುಚ್ಚಾಸ್ಪತ್ರೆಗಳನ್ನು ಕುರಿತ ಭಾಗವು ಅತ್ಯಂತ ಮನನೀಯವಾದುದು. 1892ರಲ್ಲಿ ಆಸ್ಪತ್ರೆಗಳಿಗೆ ಸೇರಿದ 1,344 ಮಂದಿಯಲ್ಲಿ 222 ಮಂದಿಗೆ ಭಂಗಿಯ ಪದಾರ್ಥಗಳಿಂದಲೇ ಹುಚ್ಚು ಹಿಡಿಯಿತೆಂದು ದಫ್ತರುಗಳಲ್ಲಿ ಬರೆದಿತ್ತು. ಮಂಡಲಿಯವರು ಒಂದೊಂದು ಪ್ರಕರಣವನ್ನೂ ಮತ್ತೆ ಶೋಧಿಸಿದರು. ರೋಗಿಯ ಪೂರ್ವಚರಿತ್ರೆಯು ತಿಳಿಯದಿದ್ದಾಗ ಕಾರಣದ ಅಂಕಣವನ್ನು ತುಂಬಲು ‘ಗಾಂಜಾ’ ಎಂದು ಬರೆದುಬಿಡುವ ವಾಡಿಕೆಯು ಬೆಳಕಿಗೆ ಬಂದಿತು. ಕೊನೆಗೆ ಉಳಿದವರು 98 ಮಂದಿ. ಅವರಲ್ಲಿಯೂ ಬೇರಾವ ಕಾರಣವೂ ಕಾಣದವರು 61 ಮಂದಿ ಮಾತ್ರ. ಕಾಗದದ ಮೇಲಣ ಒಂದು ಪದವು ಎಷ್ಟು ದೂರ ನಡೆಯಬಲ್ಲುದೆಂಬುದಕ್ಕೆ ಇದಕ್ಕಿಂತ ನಿದರ್ಶನವು ಬೇಕಿಲ್ಲ.

ಮಿತವಾದ ಸೇವನೆಯಿಂದ ಬಹುಮಂದಿಗೆ ಹೇಳತಕ್ಕ ಕೇಡಿಲ್ಲ, ಅತಿಯಾದ ಸೇವನೆಯಿಂದ ಕೇಡುಂಟು, ಸಂಪೂರ್ಣ ನಿಷೇಧವು ಅವಶ್ಯವೂ ಅಲ್ಲ ಉಚಿತವೂ ಅಲ್ಲ ಎಂಬುದು ಮಂಡಲಿಯ ತೀರ್ಮಾನ. ಇಬ್ಬರು ಭಾರತೀಯ ಸದಸ್ಯರು ತಮ್ಮ ಭಿನ್ನಾಭಿಪ್ರಾಯವನ್ನು ಬರೆದಿಟ್ಟರೆಂಬುದನ್ನೂ ಮರೆಯಲಾಗದು. ಬೆಳೆಗೆ ಪರವಾನಗಿ, ಮಾರಾಟಕ್ಕೆ ಲೈಸೆನ್ಸು, ಕೈಯಲ್ಲಿರಬಹುದಾದ ಮಾಲಿಗೆ ಮಿತಿ, ತಕ್ಕಷ್ಟು ಸುಂಕ, ಇವು ಅದು ತೋರಿದ ಮಾರ್ಗ. ಬಂಗಾಳದ ನವಗಾಂವಿನಲ್ಲಿ ಈ ಕ್ರಮವು ಆಗಲೇ ನಡೆದಿತ್ತು: ಒಂದೇ ಸೀಮೆಯಲ್ಲಿ ಬೆಳೆ, ಸರಕಾರದ ಕಾವಲಿನಲ್ಲಿ ಉಗ್ರಾಣ. 1917ರಲ್ಲಿ ಅಲ್ಲಿಯ ಬೆಳೆಗಾರರು ತಮ್ಮದೇ ಸಹಕಾರ ಸಂಘವನ್ನೂ ಕಟ್ಟಿಕೊಂಡರು.

ಆದರೆ ಕಾಲದ ಗಾಳಿಯು ಬೇರೆ ಕಡೆಗೆ ಬೀಸಿತು. 1925ರಲ್ಲಿ ಜಿನೀವಾದ ಒಪ್ಪಂದವು ಭಂಗಿಯನ್ನೂ ತನ್ನ ಕಟ್ಟಿಗೆ ಸೇರಿಸಿತು. 1961ರ ಅಂತರರಾಷ್ಟ್ರೀಯ ಒಡಂಬಡಿಕೆಯು ಅದನ್ನು ಇನ್ನೂ ಬಿಗಿಮಾಡಿತು. ಬರಿಯ ಎಲೆಯನ್ನು ಮಾತ್ರ ಅದರ ವ್ಯಾಖ್ಯೆಯಿಂದ ಹೊರಗಿಟ್ಟರು. ಇದರ ಹಿಂದೆಯೇ ಭಾರತವು 1985ರಲ್ಲಿ ಮಾದಕವಸ್ತುಗಳ ಕಾನೂನನ್ನು ತಂದಿತು. ಇದರಂತೆ 1 ಕಿಲೋಗ್ರಾಂ ವರೆಗಿನ ಗಾಂಜಾವು ಅಲ್ಪಪ್ರಮಾಣ. ಅದಕ್ಕೆ ಗರಿಷ್ಠ ಒಂದು ವರ್ಷದ ಸೆರೆ. 20 ಕಿಲೋಗ್ರಾಂಗೆ ಮಿಕ್ಕರೆ ವ್ಯಾಪಾರದ ಪ್ರಮಾಣ. ಹತ್ತರಿಂದ ಇಪ್ಪತ್ತು ವರ್ಷ. ಆದರೆ ಬೆಳೆಯುವ ಅಪರಾಧಕ್ಕೆ ಇಂತಹ ಮೆಟ್ಟಲುಗಳಿಲ್ಲ. ಗಿಡ ಒಂದಾದರೂ ನೂರಾದರೂ ಸೆರೆಯ ಮೇರೆಯು ಹತ್ತು ವರ್ಷವೇ. ನಮ್ಮ ನಿಟ್ಟೂರಿನ ತೋಟಗಾರನು, ಒಣಗಿದ ಸೊಪ್ಪನ್ನು ಚೀಲದಲ್ಲಿಟ್ಟುಕೊಂಡ ಪೇಟೆಯವನಿಗಿಂತ ಹೆಚ್ಚಿನ ಗಂಡಾಂತರದಲ್ಲಿರುವನು!

ಎಲೆಯ ಸ್ಥಿತಿಯೂ ವಿಚಿತ್ರವಾದುದು. 1985ರ ಕಾನೂನಿನ ‘ಗಾಂಜಾ’ ಎಂಬ ಪದದಲ್ಲಿ ಹೂದೆನೆಯಿಂದ ಬೇರ್ಪಟ್ಟ ಎಲೆಯು ಸೇರದು. 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಇದನ್ನೇ ಗಮನಿಸಿ, ಭಾಂಗ್ ಹೊಂದಿದ್ದನೆಂಬ ಆಪಾದನೆಗೊಳಗಾದವನೊಬ್ಬನಿಗೆ ಜಾಮೀನನ್ನು ನೀಡಿತು. ಆದರೆ 1965ರ ನಮ್ಮ ಅಬಕಾರಿ ಕಾನೂನಿನಲ್ಲಿ ಭಾಂಗ್ ಮಾದಕವಸ್ತುವೇ. ಒಂದು ಕೈ ಬಿಟ್ಟುದನ್ನು ಇನ್ನೊಂದು ಕೈ ಹಿಡಿದಿದೆ.

ಹಾಗಾದರೆ ಬಾಗಿಲನ್ನು ಪೂರ್ತಿಯಾಗಿ ತೆರೆದುಬಿಡುವುದೇ? ಉರುಗ್ವೆಯು 2013ರಲ್ಲಿಯೂ ಕೆನಡವು 2018ರಲ್ಲಿಯೂ ಕಟ್ಟುಪಾಡುಗಳೊಡನೆ ತೆರೆದವು. ತಾಯ್‌ಲೆಂಡು 2022ರಲ್ಲಿ ಸಾಕಷ್ಟು ನಿಯಮಗಳಿಲ್ಲದೆ ತೆರೆದು, 2025ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಹಿಂದಕ್ಕೆ ಸರಿಯಿತು. ಇಂದಿನ ತಳಿಗಳು 1894ರ ಗಾಂಜಾವಲ್ಲ. ಎಳೆಯ ವಯಸ್ಸಿನವರು ಪ್ರಬಲವಾದ ತಳಿಗಳನ್ನು ನಿತ್ಯವೂ ಸೇದಿದರೆ ಚಿತ್ತವಿಕಾರದ ಅಪಾಯವು ಹೆಚ್ಚುವುದೆಂದು ವೈದ್ಯಶಾಸ್ತ್ರವು ಎಚ್ಚರಿಸುತ್ತದೆ. ಖಜಾನೆಯ ಆಸೆಯೂ ಸಣ್ಣ ಅಪಾಯವಲ್ಲ. ಕರ್ನಾಟಕವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಲ್ಲಿಸಿತು. ಬೇರೆ ಮದ್ಯಗಳು ಉಳಿದವು, ಅವುಗಳ ಆದಾಯದ ಮೇಲಣ ಸರಕಾರದ ಆಸರೆಯೂ ಉಳಿಯಿತು. ಕಾವಲುಗಾರನೇ ಅಂಗಡಿಯವನಾದರೆ ಮಿತಿಯನ್ನು ಹೇಳುವವರಾರು?

ಆದಕಾರಣ ಮಧ್ಯಮಾರ್ಗವೇ ಲೇಸು. ಔಷಧಕ್ಕೂ ನಾರಿಗೂ ಬೆಳೆಯಲು ಅನುಮತಿಯನ್ನು ಕೊಡುವ ಅವಕಾಶವು 1985ರ ಕಾನೂನಿನಲ್ಲಿಯೇ ಇದೆ. ಉತ್ತರಾಖಂಡವು 2018ರಲ್ಲಿ ನಾರಿನ ಬೆಳೆಗೆ ಲೈಸೆನ್ಸನ್ನು ಕೊಡತೊಡಗಿತು. ಅದನ್ನು ನಾವೂ ಉಪಯೋಗಿಸಬಹುದು. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ಅವನನ್ನು ಶಿಕ್ಷೆಯಿಂದ ಬಿಡುವ ವಿಧಿಯೂ ಅದರಲ್ಲಿದೆ. ಅದು ಪುಸ್ತಕದಿಂದ ಆಸ್ಪತ್ರೆಗೆ ಇಳಿದು ಬರಬೇಕು. ಬೆಳೆಯುವ ಅಪರಾಧಕ್ಕೂ ಪ್ರಮಾಣದ ಮೆಟ್ಟಲುಗಳನ್ನು ಕಟ್ಟಬೇಕು. ಮೋಜಿನ ಮಾರಾಟವನ್ನು ತೆರೆಯುವ ಮೊದಲು, ಮಕ್ಕಳನ್ನು ಕಾಯುವ ಬಗೆಯನ್ನೂ ಬರುವ ಹಣವನ್ನು ಚಿಕಿತ್ಸೆಗೇ ಮೀಸಲಿಡುವ ಬಗೆಯನ್ನೂ ಗೊತ್ತುಮಾಡಿಕೊಳ್ಳಬೇಕು. ಅಲ್ಲಿಯವರೆಗೆ ಆತುರವು ಬೇಡ.

ನೂರ ಮೂವತ್ತು ವರ್ಷಗಳ ಹಿಂದಿನ ಆ ಏಳು ಮಂದಿಯ ತೀರ್ಪನ್ನು ನಾವು ಒಪ್ಪಬಹುದು, ಬಿಡಬಹುದು. ಆದರೆ ದಫ್ತರಿನಲ್ಲಿ ಬರೆದ ಪದವನ್ನು ನಂಬದೆ, ಒಬ್ಬೊಬ್ಬ ಮನುಷ್ಯನ ಕಥೆಯನ್ನು ಕೇಳಿದ ಅವರ ಕ್ರಮವನ್ನು ಬಿಡಲಾಗದು. ನಿಟ್ಟೂರಿನ ತೋಟದ ಆ ಒಂದು ಗಿಡದ ಮುಂದೆ ನಿಂತಾಗಲೂ ರಾಜ್ಯವು ಮೊದಲು ಕೇಳಬೇಕಾದುದು ಅದನ್ನೇ: ಇದರಿಂದ ಯಾರಿಗೆ, ಎಷ್ಟು ಕೇಡಾಯಿತು?